ಹೊಗೆಯಾಡದ ಗಾಡಿ

ಟಕ್ ಎಂದು ಒಂದು ಸಣ್ಣ ಸದ್ದಾಯಿತು.

ಓಣಿಯ ಆಚೆ ರಾತ್ರಿಪಾಳಿಯ ಮಗ್ಗಗಳು ಖಟಾಖಟ ಬಡಿದುಕೊಳ್ಳುತ್ತಲೇ ಇದ್ದವು. ಇಚಲಕರಂಜಿಯಲ್ಲಿ ಅದನ್ನು ಯಾರೂ ಸದ್ದೆಂದು ಎಣಿಸುವುದಿಲ್ಲ. ಮಗ್ಗ ನಿಂತರೆ ಮಾತ್ರ ಕೂಸುಗಳು ಎಚ್ಚರಗೊಂಡು ಅಳುತ್ತವೆ. ಆ ಗದ್ದಲವನ್ನೆಲ್ಲ ದಾಟಿಕೊಂಡು ಈ ಟಕ್ ಎಂಬುದು ಯಮುನವ್ವನ ಕಿವಿಗೆ ಬಂದು ತಾಗಿತು. ಮಗ್ಗುಲಿಗೆ ಕೈಯಾಡಿಸಿದಳು. ಚಾದರ ತಣ್ಣಗಿತ್ತು. ಗಂಡ ಎದ್ದು ಹೋಗಿ ಬಹಳ ಹೊತ್ತಾಗಿತ್ತು.

ಅವನು ಎಲ್ಲಿದ್ದಾನೆಂದು ಅವಳಿಗೆ ಗೊತ್ತು. ಅಂಗಳದ ಬೇವಿನ ಗಿಡದ ಕೆಳಗೆ ನಿಂತ ಗಾಡಿಯಲ್ಲಿ, ಸ್ಟೇರಿಂಗಿನ ಹಿಂದೆ, ಕತ್ತಲಲ್ಲಿ ಕೂತಿದ್ದಾನೆ. ಹಗಲು ಆ ಗಾಡಿಯ ಕಡೆ ಮುಖ ಕೂಡ ತಿರುಗಿಸದ ಸಾತಪ್ಪ, ಎಲ್ಲರೂ ಮಲಗಿದ ಮೇಲೆ ಹೋಗಿ ಬಟನ್ ಒತ್ತುತ್ತಾನೆ. ತಂಗಿಯನ್ನು ಮಣ್ಣು ಮಾಡಿ ಬಂದ ಹೊಸದರಲ್ಲಿ ಇಂಜಿನ್ನು ಗರ್ರ್ ಗರ್ರ್ ಎಂದು ತಿರುಗುತ್ತಿತ್ತು, ಹತ್ತುತ್ತಿರಲಿಲ್ಲ. ಆಮೇಲೆ ಮುದಿ ನಾಯಿಯ ಹಾಗೆ ಬರೀ ನರಳತೊಡಗಿತು. ಈಗ ಬ್ಯಾಟರಿಯ ಜೀವವೆಲ್ಲ ಬಸಿದುಹೋಗಿ ಟಕ್ ಎಂಬುದಷ್ಟೇ ಉಳಿದಿತ್ತು. ಅದು ಹತ್ತುವುದಿಲ್ಲವೆಂದು ಅವನಿಗೂ ತಿಳಿದಿರಲೇಬೇಕು. ಆದರೂ ಬಹಳ ಹೊತ್ತು ಬಿಟ್ಟು ಮತ್ತೊಮ್ಮೆ, ಟಕ್.

ಯಮುನವ್ವ ಏಳಲಿಲ್ಲ. ಎದ್ದು ಹೋದರೆ ಕಳ್ಳತನದಲ್ಲಿ ಸಿಕ್ಕುಬಿದ್ದವನ ಹಾಗೆ ತಲೆ ತಗ್ಗಿಸುತ್ತಾನೆ. ಅದನ್ನು ನೋಡುವ ಧೈರ್ಯ ಅವಳಿಗಿರಲಿಲ್ಲ. ಅವನಿಗೆ ಬೇಕಾದದ್ದು ಗಾಡಿಯಲ್ಲ, ಕಾರಣ. ತಂಗಿ ಹೋದ ರಾತ್ರಿ ಅದು ಯಾಕೆ ಹತ್ತಲಿಲ್ಲ ಎಂಬುದೊಂದು ತಿಳಿದರೆ ಅವನು ಮತ್ತೆ ಮನುಷ್ಯನಾಗುತ್ತಾನೆ. ನಾಳೆ ಕೋಲ್ಹಾಪುರದ ಮೇಸ್ತ್ರಿ ಬಾಳಾಸಾಹೇಬರಿಗೆ ಹೇಳಿ ಕಳಿಸಬೇಕು ಎಂದುಕೊಂಡು ಅವಳು ಬೆಳಗಿನತನಕ ಕಣ್ಣು ತೆರೆದೇ ಮಲಗಿದ್ದಳು.

ಸಾತಪ್ಪನವರದು ಗಡಹಿಂಗ್ಲಜ ಕಡೆಯ ಕುರುಬರ ಮನೆತನ. ಅವನ ತಂದೆ ಮಲ್ಲಾರಿ ಇರುವ ತನಕ ಹಿಂಡು ಇತ್ತು. ಮಳೆಗಾಲ ಬಂತೆಂದರೆ ಕುದುರೆಯ ಮೇಲೆ ಗಂಟು ಮೂಟೆ ಹೇರಿಕೊಂಡು ಒಣಭೂಮಿಯ ಕಡೆ ಹೊರಟುಬಿಡುವವರು. ಮಲ್ಲಾರಿ ಸತ್ತ ಮೇಲೆ ಸಾತಪ್ಪ ತಾಯಿಯನ್ನು, ತಂಗಿಯನ್ನು ಕರೆದುಕೊಂಡು ಇಚಲಕರಂಜಿಗೆ ಬಂದು ಮಗ್ಗಕ್ಕೆ ನಿಂತ. ನಾಲ್ಕು ಗೋಡೆಯ ನಡುವೆ ಕಡಿದ ದಾರಕ್ಕೆ ಗಂಟು ಹಾಕುತ್ತ ನಿಲ್ಲುವುದು ಬಯಲಲ್ಲಿ ಬೆಳೆದ ಕಾಲುಗಳಿಗೆ ಒಗ್ಗಲಿಲ್ಲ. ಡ್ರೈವಿಂಗ್ ಕಲಿತ. ಊರಲ್ಲಿ ಅಣ್ಣತಮ್ಮಂದಿರ ಹತ್ತಿರ ಬಿಟ್ಟಿದ್ದ ಹಿಂಡನ್ನು ಮಾರಿ, ಯಾವುದೋ ಸಂಸ್ಥಾನಿಕರ ಮನೆಯ ಹಿತ್ತಿಲಲ್ಲಿ ಕೋಳಿ ಕೂರುತ್ತಿದ್ದ ಒಂದು ಹಳೆಯ ಅಮೆರಿಕದ ಕಾರು ಕೊಂಡ. ಅದು ಪೆಟ್ರೋಲನ್ನು ನೀರಿನ ಹಾಗೆ ಕುಡಿಯುತ್ತಿತ್ತು. ಕೋಲ್ಹಾಪುರದ ಉದ್ಯಮನಗರದಲ್ಲಿ ಬಾಳಾಸಾಹೇಬ ಎಂಬ ಮೇಸ್ತ್ರಿಯಿದ್ದರು. ಬಾವಿಯ ಮೇಲೆ ಕೂರಿಸುವ ನೀರೆತ್ತುವ ಇಂಜಿನ್ನುಗಳಲ್ಲಿ ಕೈ ಪಳಗಿದವರು. ಅವರು ಪೆಟ್ರೋಲ್ ಇಂಜಿನ್ನು ಕಿತ್ತು ಅದರ ಜಾಗದಲ್ಲಿ ಇಂಗ್ಲಂಡಿನ ಒಂದು ಡೀಸೆಲ್ ಇಂಜಿನ್ನು ಕೂರಿಸಿ ಕೊಟ್ಟರು. ಅಂದಿನಿಂದ ಆ ಗಾಡಿ ಇಚಲಕರಂಜಿ, ಕೋಲ್ಹಾಪುರ, ಗಡಹಿಂಗ್ಲಜ ಎಂದು ಮದುವೆಯವರನ್ನು, ಕೋರ್ಟಿನವರನ್ನು, ನೂಲಿನ ವ್ಯಾಪಾರಿಗಳನ್ನು ಹೊತ್ತು ತಿರುಗಿತು.

ಸಾತಪ್ಪನ ತಾಯಿ ಬೀರವ್ವನಿಗೆ ಮಾತ್ರ ಹಿಂಡು ಹೋಯಿತೆಂಬುದು ತಲೆಗೆ ಹೋಗಲೇ ಇಲ್ಲ. ಹಿಂಡಿಗೆ ಏನೇನು ಮಾಡುತ್ತಿದ್ದಳೋ ಅದನ್ನೆಲ್ಲ ಗಾಡಿಗೆ ಮಾಡಿದಳು. ಅಮಾವಾಸ್ಯೆಗೆ ದೃಷ್ಟಿ ತೆಗೆದಳು. ಆದಿತ್ಯವಾರ ಬೀರದೇವರ ಹೆಸರು ಹೇಳಿ ಅದರ ಮೂತಿಗೆ ಭಂಡಾರದ ಅರಿಶಿಣಪುಡಿ ಬಳಿದಳು. ಸಂಜೆ ಗಾಡಿ ಅಂಗಳಕ್ಕೆ ಬಂದರೆ, "ಬಂತs ನಮ್ಮವ್ವ, ದಣದು ಬಂತs," ಎಂದು ಅದರ ಬೆನ್ನು ಚಪ್ಪರಿಸುವಳು. ಓಣಿಯ ಹೆಂಗಸರು ನಗುತ್ತಿದ್ದರು. ಪಕ್ಕದ ಮನೆಯ ಹೌಸಾಬಾಯಿ, "ಆಯಿ, ಉಣ್ಣಿ ಯಾವಾಗ ಕತ್ತರಸ್ತೀರಿ ಇದರದು?" ಎಂದು ಕಾಡುವಳು.

ಆ ವರ್ಷದ ಚಳಿಗಾಲದಲ್ಲಿ ಸಾತಪ್ಪನ ತಂಗಿ ಹಾಲವ್ವ ಚೊಚ್ಚಿಲ ಹೆರಿಗೆಗೆಂದು ಗಡಹಿಂಗ್ಲಜದ ಗಂಡನ ಮನೆಯಿಂದ ತವರಿಗೆ ಬಂದಳು. ಬರುವ ಮುಂಚೆಯೇ ಸಾತಪ್ಪ ಗಾಡಿಯನ್ನು ತಾನೇ ಬಿಚ್ಚಿ ತಿಕ್ಕಿ ತೊಳೆದ. ಡೀಸೆಲ್ ಸೋಸುವ ಫಿಲ್ಟರನ್ನು ಕೂಡ ಮೊದಲ ಸಲ ಮೇಸ್ತ್ರಿಯ ಹಂಗಿಲ್ಲದೆ ಬಿಚ್ಚಿ, ಸ್ವಚ್ಛ ಮಾಡಿ, ಗಾಳಿ ನುಸುಳದಂತೆ ಹೊಸ ರಬ್ಬರ್ ವಾಯ್ಸರ್ ಹಾಕಿ ಮುಚ್ಚಿದ. "ಯಾವ ರಾತ್ರಿ ಬ್ಯಾನಿ ಬಂದರೂ ಗಾಡಿ ತಯಾರ ಇರಬೇಕು," ಎಂದಿದ್ದ. ಅದಾದ ಕೆಲವು ವಾರಗಳಿಗೆ ಗಾಡಿ ಏರಿನಲ್ಲಿ ಉಸಿರು ಕಟ್ಟತೊಡಗಿತು. ಊಟಕ್ಕೆ ಕೂತಾಗ ಅವನೇ ಆ ಮಾತು ಎತ್ತಿದ್ದ. ಮೇಸ್ತ್ರಿಗೆ ತೋರಿಸಬೇಕು, ಆದರೆ ತಮ್ಮನ್ನು ಕೇಳದೆ ಫಿಲ್ಟರ್ ಬಿಚ್ಚಿದ್ದಕ್ಕೆ ಬಯ್ಯುತ್ತಾರೆ ಎಂದು ಸಂಕೋಚಪಟ್ಟು ನಾಳೆ ನಾಡಿದ್ದು ಎಂದು ದಿನ ದೂಡಿದ.

ಹಾಲವ್ವನಿಗೆ ನೋವು ಶುರುವಾದ ರಾತ್ರಿ ಸೂಲಗಿತ್ತಿ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿ, "ಕೂಸು ಅಡ್ಡ ತಿರಗೈತಿ. ನನ್ನ ಕೈಲಿ ಆಗೂದಲ್ಲ, ಕೋಲ್ಹಾಪುರಕ್ಕ ಒಯ್ರಿ," ಎಂದಳು. ಹಿಂದಿನ ಸೀಟಿನಲ್ಲಿ ಕೌದಿ ಹಾಸಿ ಹಾಲವ್ವನನ್ನು ಮಲಗಿಸಿದರು. ಸಾತಪ್ಪ ಬಟನ್ ಒತ್ತಿದ. ಇಂಜಿನ್ನು ತಿರುಗಿತು, ಹತ್ತಲಿಲ್ಲ. ರಾತ್ರಿಪಾಳಿಯ ಮಗ್ಗದವರು ಓಡಿ ಬಂದು ಗಾಡಿಯನ್ನು ಓಣಿಯ ತುದಿಯತನಕ ನೂಕಿದರು, ಮತ್ತೆ ನೂಕುತ್ತ ತಂದರು. ಹತ್ತಲಿಲ್ಲ. ಕೊನೆಗೆ ಯಾರೋ ಹೋಗಿ ಬಟ್ಟೆಯ ಗಂಟು ಸಾಗಿಸುವ ತಮ್ಮಣ್ಣನನ್ನು ಎಬ್ಬಿಸಿ, ಅವನ ಟ್ರಕ್ಕಿನಿಂದ ಗಂಟುಗಳನ್ನು ಕೆಳಗಿಳಿಸಿ, ಹಾಲವ್ವನನ್ನು ಎತ್ತಿ ಮಲಗಿಸುವಷ್ಟರಲ್ಲಿ ಹೊತ್ತು ಮೀರಿತ್ತು. ಹಾತಕಣಂಗಲೆ ದಾಟಿದ ಮೇಲೆ ಅವಳು ಅಣ್ಣನ ಕೈ ಹಿಡಿದಿದ್ದ ಹಿಡಿತ ಬಿಟ್ಟಿತು. ಕೂಸೂ ಉಳಿಯಲಿಲ್ಲ.

ಮಣ್ಣಿಗೆ ಬಂದ ಹಾಲವ್ವನ ಗಂಡ ಕೃಷ್ಣಾತ ಅಳಲಿಲ್ಲ. ಎಲ್ಲರ ಮುಂದೆ ಸಾತಪ್ಪನ ಎದುರು ನಿಂತು, "ಮಂದಿ ಲಗ್ನಕ್ಕ ಓಡ್ತೈತಿ ನಿನ್ನ ಗಾಡಿ. ನನ್ನ ಹೇಣ್ತಿಗೆ ಒಂದ ಸಲ ಓಡಾಕ ಅದಕ್ಕ ಕಾಲ ಇರಲಿಲ್ಲ, ಹೌದಲ್ಲೊ?" ಎಂದ. ಆ ರಾತ್ರಿ ಸಾತಪ್ಪ ಹೆಂಡತಿಯ ಹತ್ತಿರ ಒಂದೇ ಮಾತು ಆಡಿದ. "ವಾಯ್ಸರ್ ತಿರುವು ಹಾಕೇನಿ ಅನಸ್ತೈತಿ, ಯಮುನಾ. ಗಾಳಿ ಹಿಡದೈತಿ ಇಂಜಿನ್ನಿಗೆ. ನನ್ನ ಕೈಯಿಂದ ಹ್ವಾದ್ಳು ಆಕಿ." ಆಮೇಲೆ ಆ ವಿಷಯ ಎತ್ತಲಿಲ್ಲ. ಗಾಡಿ ಬಿಟ್ಟು ಮತ್ತೆ ಒಂದು ಮಗ್ಗದ ಶೆಡ್ಡಿಗೆ ಹೋಗತೊಡಗಿದ. ರೊಟ್ಟಿ ಕಟ್ಟಿಕೊಟ್ಟರೆ ಒಯ್ಯುವನು. ಸಂಜೆ ಅದೇ ಗಂಟು ಹಾಗೆಯೇ ತಿರುಗಿ ಬರುವುದು.

ಯಮುನವ್ವ ಹೇಳಿ ಕಳಿಸಿದ ಎರಡನೆಯ ದಿನವೇ ಬಾಳಾಸಾಹೇಬರು ಎಸ್‌ಟಿ ಬಸ್ಸಿಗೆ ಬಂದರು. ಐವತ್ತು ದಾಟಿದ ಆಳು, ಕರಿ ಟೊಪ್ಪಿಗೆ, ಹೆಗಲಿಗೆ ಗೋಣಿತಟ್ಟಿನ ಚೀಲ. ಮರಾಠಿಯವರಾದರೂ ಗಡಹಿಂಗ್ಲಜ ಕಡೆಯ ಬಾವಿಗಳನ್ನೆಲ್ಲ ಸುತ್ತಿ ಕನ್ನಡ ಕಲಿತಿದ್ದರು. ಸಾತಪ್ಪ ಶೆಡ್ಡಿಗೆ ಹೋಗಿದ್ದ. ಬೀರವ್ವ ಒಳಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಮಗಳು ಹೋದ ಮೇಲೆ ಅವಳು ಅಂಗಳಕ್ಕೆ ಬರುವುದೇ ಅಪರೂಪವಾಗಿತ್ತು.

"ಸಾತಪ್ಪಾ ಕುಠೆ?" ಎಂದರು ಬಾಳಾಸಾಹೇಬರು.

"ಅವರು ಬರೂದಿಲ್ರಿ. ಗಾಡಿ ಹಂತೇಕ ನಿಂದ್ರೂದಿಲ್ಲ. ನಾ ಇರ್ತೀನಿ, ನೀವು ನೋಡ್ರಿ."

ಅವರು ಬಾನೆಟ್ಟು ಎತ್ತಿದರು. "ಈಕಿ ಮೈ ಅಮೆರಿಕಾದ್ದು, ಹೊಟ್ಟಿ ಇಂಗ್ಲಂಡಿಂದು, ಗೇರಿನ ಹಲ್ಲು ನಮ್ಮ ಕೋಲ್ಹಾಪುರದ್ದು. ಮೂರೂ ಮಂದಿ ಜಗಳಾ ಮಾಡಿದ್ರ ಹೆಂಗ ನಡೀಬೇಕು, ವೈನಿ?" ಎಂದು ನಗಿಸಲು ನೋಡಿದರು. ಅವಳು ನಗಲಿಲ್ಲ.

ಬಟನ್ ಒತ್ತಿದರೆ ಟಕ್. "ಬ್ಯಾಟರಿ ಸತ್ತೈತಿ. ಆದರ ಇದು ಈಗ ಸತ್ತದ್ದು. ಅವತ್ತ ರಾತ್ರಿ ಇಂಜಿನ್ನ ತಿರಗತ್ತಿತ್ತು ಅಂತೀರಲ್ಲ?"

"ಚಲೋ ತಿರಗತ್ತಿತ್ರಿ."

"ಅಂದ್ರ ಬ್ಯಾಟರಿ ಕಾರಣ ಅಲ್ಲ." ತಮ್ಮಣ್ಣನ ಟ್ರಕ್ಕಿನ ಬ್ಯಾಟರಿಯನ್ನು ಕೇಳಿ ತಂದು ತಂತಿ ಜೋಡಿಸಿದರು. ಈಗ ಇಂಜಿನ್ನು ಭರ್ರೆಂದು ತಿರುಗಿತು. ಯಮುನವ್ವನಿಗೆ ಆ ರಾತ್ರಿಯೇ ಎದುರು ಬಂದು ನಿಂತಂತಾಗಿ, ಬೇವಿನ ಗಿಡಕ್ಕೆ ಬೆನ್ನು ಕೊಟ್ಟಳು. ಬಾಳಾಸಾಹೇಬರು ಗಾಡಿಯ ಹಿಂದೆ ಹೋಗಿ ಕೂತು, "ವೈನಿ, ನೀವು ಬಟನ್ ಒತ್ತರಿ, ನಾ ಹೊಗಿ ನೋಡ್ತೀನಿ," ಎಂದರು. ಅವಳು ಮೊದಲ ಸಲ ಗಂಡನ ಸೀಟಿನಲ್ಲಿ ಕೂತು ಒತ್ತಿದಳು. ಒಮ್ಮೆ, ಎರಡು ಸಲ, ಮೂರು ಸಲ.

"ಬಿಡ್ರಿ. ಹೊಗಿ ಇಲ್ಲ."

"ಹೊಗಿ ಇಲ್ಲಾಂದ್ರ?"

"ಬಿಳಿ ಹೊಗಿ ಬಂದ್ರ ಎಣ್ಣಿ ಒಳಗ ಹೋಗೈತಿ, ಉರಿಯಾಕತ್ತಿಲ್ಲ ಅಂತ. ಹೊಗಿನs ಇಲ್ಲಾಂದ್ರ ಇಂಜಿನ್ನಿಗೆ ಎಣ್ಣಿನs ಮುಟ್ಟಿಲ್ಲ. ಉಪವಾಸ ಐತಿ ಅದು." ಫಿಲ್ಟರಿನ ಪಕ್ಕದ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತಿದರು. ಅಲ್ಲಿಂದ ಎಣ್ಣೆ ಚಿಮ್ಮಬೇಕಿತ್ತು. ಒಂದು ಹನಿ ಒಸರಿ ನಿಂತಿತು.

ಯಮುನವ್ವ ಹತ್ತಿರ ಬಂದಳು. "ಬಾಳಾಸಾಹೇಬ್ರ, ಫಿಲ್ಟರ್ ಅವರs ಬಿಚ್ಚಿ ಹಾಕಿದ್ರು. ನಿಮಗ ಹೇಳದs. ವಾಯ್ಸರ್ ತಿರುವು ಆಗೈತೇನ ನೋಡ್ರಿ. ಅದನ್ನs ನೋಡಾಕ ಕರಸೀನಿ."

"ಅಚ್ಛಾ! ಕಳ್ಳ!" ಎಂದರು ಅವರು, ಸಿಟ್ಟಿಲ್ಲದೆ. ಪಾನಾ ಹಾಕಿ ಫಿಲ್ಟರಿನ ಮುಚ್ಚಳ ತೆಗೆದರು. ವಾಯ್ಸರನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದರು.

"ಸರಿ ಐತಿ. ನಾ ಹಾಕಿದ್ರೂ ಇಷ್ಟs ಸರಿ. ಗಾಳಿ ಹಿಡಿಯೂ ಮಾತs ಇಲ್ಲ. ಹೇಳ್ರಿ ಅವಂಗ, ಶಾಬಾಸ್ ಅಂದಾರ ಅಂತ."

ಅವಳ ಕಣ್ಣಲ್ಲಿ ನೀರು ಬಂತು. ಇದೊಂದು ಮಾತಿಗಾಗಿ ಎಷ್ಟು ರಾತ್ರಿ ಕಾದಿದ್ದಳು! ಈಗಲೇ ಶೆಡ್ಡಿಗೆ ಓಡಿಹೋಗಿ ಮಗ್ಗಗಳ ಗದ್ದಲದ ನಡುವೆ ಅವನ ಕಿವಿಗೆ ಬಾಯಿಟ್ಟು ಕೂಗಿ ಹೇಳಬೇಕೆನ್ನಿಸಿತು. ಸೆರಗಿನಿಂದ ಮುಖ ಒರೆಸಿಕೊಂಡು ನೋಡುವಷ್ಟರಲ್ಲಿ ಬಾಳಾಸಾಹೇಬರು ಫಿಲ್ಟರಿನ ಒಳಗಿನ ಬಟ್ಟೆಯ ಸುರುಳಿಯನ್ನು ಎತ್ತಿ ಹಿಡಿದಿದ್ದರು. ಅದು ಕಪ್ಪಗಿರಲಿಲ್ಲ. ಗಟ್ಟಿ ಹಳದಿ ರಾಡಿ ಅದರ ಮೇಲೆ ಬೆರಳು ದಪ್ಪಕ್ಕೆ ಮೆತ್ತಿಕೊಂಡಿತ್ತು.

"ಹೇ ಕಾಯ್?" ಅವರು ಚಿಟಿಕೆ ತೆಗೆದು ತಿಕ್ಕಿದರು, ಮೂಸಿದರು. "ಅರಿಶಿಣ! ಗಾಡಿಗೆ ಹೊಟ್ಟಿನೋವು ಬಂದಿತ್ತೇನ್ರಿ, ಕಷಾಯ ಕುಡಿಸೀರಿ?" ನಕ್ಕೇಬಿಟ್ಟಿದ್ದರು. ಯಮುನವ್ವನ ಮುಖ ನೋಡಿದ್ದೇ ನಗು ಅರ್ಧಕ್ಕೇ ನಿಂತಿತು.

ಗಾಡಿಯ ಹಿಂಬದಿಯ ಟ್ಯಾಂಕಿನ ಮುಚ್ಚಳಕ್ಕೆ ಕೀಲಿ ಇರಲಿಲ್ಲ. ಅದು ಸಡಿಲವೆಂದು ಬಟ್ಟೆ ಸುತ್ತಿ ತುರುಕಿದ್ದರು. ಬಾಳಾಸಾಹೇಬರು ಅದನ್ನು ತೆಗೆದು ಒಂದು ಕಡ್ಡಿ ಇಳಿಬಿಟ್ಟರು. ಎಣ್ಣೆ ಗೇಣುದ್ದ ಇತ್ತು. ಆದರೆ ಕಡ್ಡಿಯ ತುದಿಗೆ ನಾಲ್ಕು ಬೆರಳಷ್ಟು ಹಳದಿ ಕೆಸರು ಹತ್ತಿ ಬಂತು.

"ಭಂಡಾರ," ಎಂದರು ಅವರು, ತಗ್ಗಿದ ದನಿಯಲ್ಲಿ. "ಒಂದ ದಿನದ್ದಲ್ಲ ಇದು. ಭಾಳ ದಿನದಿಂದ ಬಿದ್ದೈತಿ. ತಳಕ್ಕ ಕುಂತು, ಎಣ್ಣಿ ಹೋಗೂ ನಳಿಗಿ ಬಾಯಿ ಮುಚ್ಚೈತಿ. ಏರಿನ್ಯಾಗ ಉಸಿರು ಕಟ್ಟತಿರಬೇಕು?"

"ಹೌದ್ರಿ. ಕಟ್ಟತಿತ್ತು."

"ಮಗ್ಗದ ಹುಡುಗ್ರು ನೂಕಿದ್ರಲ್ಲ, ಅದರಿಂದ ರಾಡಿ ಎದ್ದು ಇನ್ನಷ್ಟು ಬಿಗದೈತಿ. ಯಾರ ಹಾಕ್ಯಾರ, ವೈನಿ?"

ಅವಳು ಹೇಳಬೇಕಾಗಿಯೂ ಇರಲಿಲ್ಲ. ತೆರೆದ ಬಾಗಿಲಿನಾಚೆ ಗೋಡೆಗೆ ಮುಖ ಮಾಡಿ ಮಲಗಿದ್ದ ಮುದುಕಿಯ ಬೆನ್ನು ಇಬ್ಬರಿಗೂ ಕಾಣುತ್ತಿತ್ತು. ಬಾಳಾಸಾಹೇಬರು ಟೊಪ್ಪಿಗೆ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡು ಕೂತರು.

"ಟಾಕಿ ತೊಳದು, ನಳಿಗಿ ಊದಿದ್ರ ಮುಗೀತು. ಹತ್ತತೈತಿ. ಆದರ ಸಾತಪ್ಪ ಕೇಳಿದ್ರ ಏನ್ ಹೇಳ್ಲಿ?"

"ಜಂಗ, ತುಕ್ಕ ಹಿಡದಿತ್ತು ಅನ್ನಾಕ ಆಗೂದಿಲ್ಲೇನ್ರಿ? ಹಳೇ ಟಾಕಿ ಅಲ್ಲ?"

"ನಾ ಅನ್ನಂಗಿಲ್ಲ. ಗಾಡಿದು ಸುಳ್ಳ ಹೇಳಿ ನನಗ ರೂಢಿ ಇಲ್ಲ. ನೀವು ಏನರ ಅನ್ನರಿ, ನಾ ನಡುವ ಬಾಯಿ ಹಾಕಂಗಿಲ್ಲ." ಅವರು ಟ್ಯಾಂಕನ್ನು ಕಳಚಿ, ಒಳಗಿದ್ದುದನ್ನು ಒಂದು ಡಬ್ಬಕ್ಕೆ ಸುರಿದು ಅವಳ ಮುಂದಿಟ್ಟು, ಟ್ಯಾಂಕು ತೊಳೆಯಲು ಸೀಮೆಎಣ್ಣೆ ಕೇಳಿಕೊಂಡು ತಮ್ಮಣ್ಣನ ಮನೆಯ ಕಡೆ ಹೋದರು.

ಯಮುನವ್ವ ಡಬ್ಬವನ್ನು ಎತ್ತಿಕೊಂಡು ಹಿತ್ತಿಲ ತಿಪ್ಪೆಗೆ ಹೋದಳು. ಬೂದಿಯಲ್ಲಿ ಕುಳಿ ತೋಡಿ ಸುರಿದಳು. ಹಳದಿ ಕಾಣದ ಹಾಗೆ ಮೇಲೆ ಮತ್ತೆ ಬೂದಿ ಎಳೆದಳು. ದೇವರ ಭಂಡಾರವನ್ನು ತಿಪ್ಪೆಗೆ ಹಾಕುತ್ತಿದ್ದೇನೆಂದು ಗೊತ್ತಿತ್ತು, ಆದರೂ ನಿಲ್ಲಲಿಲ್ಲ. ಎದ್ದು ತಿರುಗಿದರೆ ಹಿತ್ತಿಲ ಬಾಗಿಲಲ್ಲಿ ಬೀರವ್ವ ನಿಂತಿದ್ದಳು.

"ಏನರ ಸಿಕ್ಕಿತೇನs?"

"ಕಸ ಇತ್ತು, ಅತ್ತಿ. ಟಾಕಿ ಒಳಗ ಕಸ."

ಮುದುಕಿ ಹೊಸ್ತಿಲ ಮೇಲೆ ಕುಸಿದು ಕೂತಳು. ಸೊಸೆಯನ್ನು ಹತ್ತಿರ ಕರೆದು ಕೈ ಹಿಡಿದುಕೊಂಡಳು. "ನಿನ್ನ ಮುಂದ ಒಂದ ಮಾತ ಹೇಳ್ತೀನಿ. ಸಾತೂಗ ಹೇಳಬ್ಯಾಡ. ಅಂವಂದು ಏನೂ ತಪ್ಪಿಲ್ಲ. ತಪ್ಪ ನಂದು."

ಯಮುನವ್ವ ಅತ್ತೆಯ ಮುಖ ನೋಡಿದಳು. ತಿಳಿದುಬಿಟ್ಟಿದೆಯೇ ಇವಳಿಗೆ?

"ನಿಮ್ಮ ಮಾವ ಇದ್ದಾಗ, ಕುರಿ ಗಬ್ಬ ಇದ್ದುವಂದ್ರ ದಿನಾ ಸಂಜಿಕ ಭಂಡಾರ ಹಾಕ್ತಿದ್ವಿ. ಹಣಿಗೆ ಹಚ್ಚೂದು, ಬಾಯಾಗ ಒಂದ ಚಿಟಿಕಿ ಹಾಕೂದು. ಬೀರಪ್ಪ ಮರಿ ತಾಯಿ ಎರಡನ್ನೂ ಕಾಯ್ತಿದ್ದ. ಒಂದೂ ಕೆಡಲಿಲ್ಲ. ನಮ್ಮ ಹಾಲಿ ಹೊಟ್ಟಿ ಹೊತ್ತು ಬಂದ್ಲು. ಆಕಿನ್ನ ಒಯ್ಯೂದು ಗಾಡಿ. ಅದಕ್ಕ ಗಾಡಿಗೂ ಹಾಕಬೇಕಲ್ಲ? ಅದು ಎಲ್ಲಿಂದ ಉಣ್ತೈತಿ ಅಲ್ಲೇ ಹಾಕಿದೆ, ದಿನಾ. ಸಾತೂ ಗಾಡಿ ಉಸಿರು ಹಿಡಿಯಾಕತ್ತೈತಿ ಅಂದಾಗಿಂದ ಮುಷ್ಟಿಲೆ ಹಾಕಿದೆ."

"ಅತ್ತಿ..."

"ಕೇಳ. ಅವತ್ತ ಸಂಜಿಕ ಚೀಲದಾಗ ಒಂದs ಮುಷ್ಟಿ ಉಳದಿತ್ತು. ಎಲ್ಲಾ ಹಾಕಬೇಕಿತ್ತು ನಾನು. ಹುಟ್ಟೂ ಕೂಸಿನ ಹಣಿಗೆ ಬೇಕಲ್ಲ ಅಂತ ಅರ್ಧಾ ಇಟಗೊಂಡೆ. ದೇವರ ಮುಂದ ಕೈ ಗಿಡ್ಡ ಮಾಡಿದೆ, ಯಮುನಾ. ಅಂವ ಸಿಟ್ಟಾದ. ಅರ್ಧಾ ಕೊಟ್ಟವಳಿಗೆ ಯಾತಕ್ಕ ಪೂರ್ತಿ ಕೊಟ್ಟಾನು?" ಸೊಂಟದಲ್ಲಿ ಸಿಕ್ಕಿಸಿದ್ದ ಚೀಲ ತೆಗೆದು ತೋರಿಸಿದಳು. ತಳದಲ್ಲಿ ಒಂದಿಷ್ಟು ಹಳದಿ ಹಾಗೆಯೇ ಇತ್ತು. "ಆ ಕೂಸಿನ ಹಣಿ ಮುಟ್ಟಲಿಲ್ಲ ಇದು."

ಯಮುನವ್ವ ಅವಳ ಪಕ್ಕದಲ್ಲಿ ಕೂತಳು. ಏನು ಹೇಳಿದರೂ ಅದು ತಿರುಗಿ ಈ ಮುದುಕಿಯ ಕೊರಳಿಗೇ ಬೀಳಬಹುದು. ಅತ್ತೆಯ ಚೀಲದ ಬಾಯಿ ಕಟ್ಟಿ, "ಕಡಿಮಿ ಆಗಿರಲಿಲ್ಲ, ಅತ್ತಿ. ನೀವು ಹಾಕಿದ್ದು ಕಡಿಮಿ ಆಗಿರಲಿಲ್ಲ," ಎಂದಳು. ಹೇಳಿದ ಮೇಲೆ ಆ ಮಾತಿಗೆ ಅವಳೇ ಬೆಚ್ಚಿದಳು. ಬೀರವ್ವ ಮಾತ್ರ ಅದನ್ನು ಸಮಾಧಾನವೆಂದೇ ತೆಗೆದುಕೊಂಡು ಸೊಸೆಯ ಹೆಗಲಿಗೆ ತಲೆಯಿಟ್ಟು, ಮಗಳು ಹೋದ ಮೇಲೆ ಮೊದಲ ಸಲ ಬಾಯಿ ಬಿಟ್ಟು ಅತ್ತಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಾಳಾಸಾಹೇಬರು ಟ್ಯಾಂಕು, ಫಿಲ್ಟರು ತೊಳೆದು ಕೂರಿಸಿ, ನಳಿಗೆಗೆ ಬಾಯಿಟ್ಟು ಊದಿ, ಹೊಸ ಎಣ್ಣೆ ಹಾಕಿ, ಕೈಪಂಪು ಒತ್ತಿ ಗಾಳಿ ತೆಗೆದರು. ಬಟನ್ ಒತ್ತಿದರು. ಬಿಳಿ ಹೊಗೆ ಎದ್ದಿತು, ಕೆಮ್ಮಿತು, ಆಮೇಲೆ ಇಡೀ ಓಣಿ ನಡುಗುವಂತೆ ಇಂಜಿನ್ನು ಹತ್ತಿತು. ಹೌಸಾಬಾಯಿ ಲಟ್ಟಣಿಗೆ ಹಿಡಿದುಕೊಂಡೇ ಹೊರಗೆ ಬಂದವಳು, ಏನೋ ಹೇಳಲು ಹೋಗಿ ಬಾಯಿಗೆ ಸೆರಗು ಒತ್ತಿಕೊಂಡಳು.

ಆ ಸದ್ದು ಶೆಡ್ಡಿನತನಕ ಮುಟ್ಟಿರಬೇಕು. ಸಾತಪ್ಪ ಓಡುತ್ತ ಬಂದ. ತಲೆ ಹುಬ್ಬುಗಳ ಮೇಲೆಲ್ಲ ಹತ್ತಿಯ ಧೂಳು. ಅಂಗಳದ ಬಾಗಿಲಲ್ಲಿ ಕಾಲು ಕಿತ್ತಿಡಲಾರದೆ ನಿಂತ. ಗಾಡಿ ತನ್ನ ಪಾಡಿಗೆ ಗುಡುಗುಡು ಎನ್ನುತ್ತಿತ್ತು.

"ಎಷ್ಟೊತ್ತಿನ ಕೆಲಸ ಇತ್ತು, ಬಾಳಾಸಾಹೇಬ್ರ?"

"ಭಾಳ ಅಲ್ಲ."

"ಭಾಳ ಅಲ್ಲ," ಎಂದು ಸಾತಪ್ಪ ಆ ಮಾತನ್ನೇ ತಿರುಗಿ ಹೇಳಿದ. "ವಾಯ್ಸರ್?"

"ವಾಯ್ಸರ್ ಸರಿ ಇತ್ತು. ನಮ್ಮ ಮನಿತನದ ದೇವರ ಆಣಿ. ನಿನ್ನ ಕೈಯಾಗ ತಪ್ಪಿಲ್ಲ."

"ನನ್ನ ಮನಸ್ಸಿಗೆ ಬ್ಯಾಸರ ಆಗಬಾರದು ಅಂತ ಅನ್ನಬ್ಯಾಡ್ರಿ."

ಬಾಳಾಸಾಹೇಬರು ಇಂಜಿನ್ನು ನಿಲ್ಲಿಸಿ, ಅರಿವೆಯಿಂದ ಕೈ ಒರೆಸಿಕೊಳ್ಳುತ್ತ, ಯಮುನವ್ವನ ಕಡೆ ನೋಡದೆ ಪಕ್ಕಕ್ಕೆ ಸರಿದರು. ಸಾತಪ್ಪ ಹೆಂಡತಿಯ ಕಡೆ ತಿರುಗಿದ. "ನೀ ಇದ್ದೆಲ್ಲ ಬಿಚ್ಚುವಾಗ. ನೀ ಹೇಳು. ಏನ್ ಇತ್ತು?"

ಬೀರವ್ವ ಬಾಗಿಲ ಚೌಕಟ್ಟು ಹಿಡಿದು ನಿಂತು ಕೇಳುತ್ತಿದ್ದಳು. ಒಂದು ಮಾತು ಸಾಕಿತ್ತು. ಆ ಒಂದು ಮಾತಿಗೆ ಗಂಡನ ಎದೆಯ ಕಲ್ಲು ಇಳಿಯುತ್ತಿತ್ತು. ಕೃಷ್ಣಾತನ ಬಾಯಿಯೂ ಮುಚ್ಚುತ್ತಿತ್ತು. ಆ ಕಲ್ಲು ಯಾರ ಎದೆಗೆ ಹೋಗಿ ಬೀಳುತ್ತಿತ್ತೋ ಆ ಜೀವ ಬಾಗಿಲಲ್ಲಿ ನಿಂತಿತ್ತು.

"ಜಂಗ ಇತ್ತು," ಎಂದಳು ಯಮುನವ್ವ. "ಹಳೇ ಟಾಕಿ. ಒಳಗ ಜಂಗ ಉದರಿ ನಳಿಗಿ ಕಟ್ಟಿತ್ತು. ವಾಯ್ಸರ್ ಸರಿ ಇತ್ತು, ನಾನs ಕಣ್ಣಾರೆ ನೋಡೇನಿ."

ಸಾತಪ್ಪ ನೆಲ ನೋಡುತ್ತ ತಲೆಯಾಡಿಸಿದ. ಅವನು ಹಗುರಾಗುತ್ತಾನೇನೋ ಎಂದು ಅವಳು ನೋಡಿದಳು.

"ಫಿಲ್ಟರ್ ಬಿಚ್ಚಿದೆ. ಟಾಕಿ ಬಿಚ್ಚಲಿಲ್ಲ," ಎಂದ ಅವನು. "ಅದನ್ನೂ ತೊಳೀಬೇಕಿತ್ತಲ್ಲ ನಾನು. ಹೊಳೀಲಿಲ್ಲ ನನಗ." ಗಾಡಿಯ ಹತ್ತಿರ ಹೋಗಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟ. ಅದು ಬಿಸಿಯಾಗಿತ್ತು. ಕೈ ಹಿಂದಕ್ಕೆ ತೆಗೆಯಲಿಲ್ಲ.

ಬಾಳಾಸಾಹೇಬರು ಹೊರಡುವ ಮುಂಚೆ ಯಮುನವ್ವ ಕೇಳಿಕೊಂಡಂತೆ ಟ್ಯಾಂಕಿನ ಮುಚ್ಚಳಕ್ಕೆ ಒಂದು ಕೊಂಡಿ ಹಾಕಿ ಸಣ್ಣ ಕೀಲಿ ಜೋಡಿಸಿದರು. ಕೀಲಿಕೈಯನ್ನು ಅವಳು ತಾಳಿಯ ದಾರಕ್ಕೆ ಕಟ್ಟಿಕೊಂಡಳು. ಬೀರವ್ವ ಚೀಲ ಹಿಡಿದು ಬಂದು ಆ ಕೀಲಿಯನ್ನು ಮುಟ್ಟಿ ನೋಡಿ, "ಇದರ ಬಾಯಿ ಯಾಕ ಕಟ್ಟೀರಿ? ಇನ್ನ ನಾ ಎಲ್ಲಿ ಹಾಕ್ಲಿ?" ಎಂದಳು.

"ಡೀಸೆಲ್ ಕಳವು ಆಗಾಕತ್ತೈತಂತ ಓಣ್ಯಾಗ, ಅತ್ತಿ. ಹಣಿಗೆ ಹಚ್ಚರಿ. ಹಣಿಗೆ ಹಚ್ಚಿದ್ರ ಸಾಕು."

ಮುದುಕಿ ಬಾನೆಟ್ಟಿನ ಮೂತಿಗೆ ಭಂಡಾರ ಬಳಿದಳು. ಉಳಿದದ್ದನ್ನು ಮಗನ ಹಣೆಗೂ ಹಚ್ಚಿದಳು. ಸಾತಪ್ಪ ಕಣ್ಣು ಮುಚ್ಚಿ ಹಚ್ಚಿಸಿಕೊಂಡ.

ಬಸ್ಸಿನ ಹಾದಿಯ ತಿರುವಿನತನಕ ಯಮುನವ್ವ ಬಾಳಾಸಾಹೇಬರ ಜೊತೆ ಹೋದಳು. ಅವರು ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಿಸಿ, "ವೈನಿ, ಇಂದ ಬ್ಯಾಡ. ಆಯಿ ಹೋದ ಮ್ಯಾಲರ ಒಂದ ದಿನ ಹೇಳ್ರಿ ಅವಂಗ. ಸಾಯೂತನಕಾ ಹೊರಿಸಬ್ಯಾಡ್ರಿ," ಎಂದರು.

"ನೋಡೂಣ್ರಿ," ಎಂದಳು.

ತಿರುಗಿ ಬರುವಾಗ ಆ ಮಾತನ್ನೇ ಯೋಚಿಸಿದಳು. ಮುದುಕಿ ಸತ್ತ ಮೇಲೆ ಹೇಳಿದರೆ? ಅವನು ಒಂದು ಕ್ಷಣ ಹಗುರಾಗುತ್ತಾನೆ. ಆಮೇಲೆ? ಇಂದು ಹಣೆಗೆ ಹಚ್ಚಿದ ಆ ಕೈಯನ್ನು ನೆನೆಯುತ್ತಾನೆ. ಅಷ್ಟು ಹೊತ್ತಿಗೆ ಬಯ್ಯಲು ತಾಯಿ ಇರುವುದಿಲ್ಲ, ಕ್ಷಮಿಸಿದೆನೆನ್ನಲೂ ಇರುವುದಿಲ್ಲ. ತನ್ನ ತಪ್ಪೆಂದು ತಿಳಿದರೆ ಅವನು ಒಬ್ಬನೇ ಹೊರುತ್ತಾನೆ. ತಾಯಿಯ ತಪ್ಪೆಂದು ತಿಳಿದರೆ ಹಾಲವ್ವನ ಜೊತೆಗೆ ತಾಯಿಯನ್ನೂ ಕಳೆದುಕೊಳ್ಳುತ್ತಾನೆ. ಯಾವುದು ಹೆಚ್ಚು ಭಾರ ಎಂದು ಅವಳಿಗೆ ಖಚಿತವಿರಲಿಲ್ಲ. ತಾನು ಮಾಡಿದ್ದು ಸರಿಯೆಂದೂ ಖಚಿತವಿರಲಿಲ್ಲ.

ಅಂಗಳದಲ್ಲಿ ಸಾತಪ್ಪ ಬಕೆಟ್ಟು ನೀರಿಟ್ಟುಕೊಂಡು ಗಾಡಿಯ ಗಾಜು ಒರೆಸುತ್ತಿದ್ದ. ಹೆಂಡತಿಯನ್ನು ಕಂಡು, "ಕೃಷ್ಣಾತಗ ನಾನs ಹೋಗಿ ಹೇಳ್ತೀನಿ, ಟಾಕಿ ತೊಳೀಲಿಲ್ಲ ನಾನು ಅಂತ. ತಪ್ಪಾತು ಅಂತೀನಿ," ಎಂದ. "ನೀ ಏನಂತಿ?"

ಅವಳು ಅವನ ಕೈಯಿಂದ ಅರಿವೆ ತೆಗೆದುಕೊಂಡು ಹಿಂಡಿದಳು.

"ಹೋಗಿ ಬರ್ರಿ," ಎಂದಳು. ಇಂದಲ್ಲ, ಅತ್ತೆಯ ಕಾಲಾನಂತರವೂ ಅಲ್ಲ, ಅವನಿಗಲ್ಲ, ಕೃಷ್ಣಾತನಿಗಲ್ಲ, ಯಾರಿಗೂ ಹೇಳುವುದಿಲ್ಲವೆಂದು ಅವಳು ಆಗ ಗಟ್ಟಿ ಮಾಡಿಕೊಂಡಳು. ಇನ್ನೊಂದು ಕಡೆಯ ಗಾಜು ಒರೆಸತೊಡಗಿದಳು.